ವೆಬ್‌ಮೇಲ್ ತೆರೆಯದಿದ್ದಾಗ: ಮನೆಯ ಮೇಲ್ ಸರ್ವರ್ ಕಲಿಸಿದ ಪಾಠಗಳು

ಮನೆಯಲ್ಲೇ ಮೇಲ್ ಸರ್ವರ್ ನಡೆಸುವವರು ಕಡಿಮೆ. ನಡೆಸುವವರಿಗೆ ಅದರ ಮೇಲಿನ ಮಮತೆ ಮಾತ್ರ ಕಡಿಮೆಯದಲ್ಲ. ನಮ್ಮ ಪತ್ರಗಳು ನಮ್ಮ ಡಿಸ್ಕಿನಲ್ಲಿ, ನಮ್ಮ ಕೈಯಳತೆಯಲ್ಲಿ ಇರುವುದು ದೊಡ್ಡ ಸಂಗತಿ ಎಂದೇ ನಾನು ನಂಬಿದ್ದೇನೆ. ನನ್ನದು ರಾಸ್ಪ್‌ಬೆರಿ ಪೈ 4. ಅದರಲ್ಲಿ ಪೋಸ್ಟ್‌ಫಿಕ್ಸ್, ಡವ್‌ಕಾಟ್, ಅಪಾಚೆ, ಅದರ ಮೇಲೆ ವೆಬ್‌ಮೇಲಿಗೆ ರೌಂಡ್‌ಕ್ಯೂಬ್. ಮನೆಯ ಬ್ರಾಡ್‌ಬ್ಯಾಂಡಿನ 25ನೇ ಪೋರ್ಟಿನಿಂದ ಹೊರಗೆ ಮೇಲ್ ಕಳಿಸುವ ಪಾಡು ಬೇರೆಯದೇ ಕಥೆ. ಇಲ್ಲಿ ಹೇಳುವುದು ವೆಬ್‌ಮೇಲಿನ ಸುರಕ್ಷಿತ ಸಂಪರ್ಕ ಕೈಕೊಟ್ಟಾಗ ಏನು ನೋಡಬೇಕು, ಯಾವುದನ್ನು ಮೊದಲು ನೋಡಬೇಕು ಎಂಬುದನ್ನಷ್ಟೆ.

1. ಸಂಪರ್ಕ ಒಂದಲ್ಲ, ಮೂರು

ಪತ್ರ ಓದಿ ಒಂದು ಉತ್ತರ ಕಳಿಸುವಷ್ಟರಲ್ಲಿ ಮೂರು ಪ್ರತ್ಯೇಕ ಟಿಎಲ್‌ಎಸ್ ಸಂಪರ್ಕಗಳು ಆಗಿಹೋಗಿರುತ್ತವೆ. ಬ್ರೌಸರಿನಿಂದ ಅಪಾಚೆಗೆ 443ನೇ ಪೋರ್ಟಿನಲ್ಲಿ ಒಂದು. ರೌಂಡ್‌ಕ್ಯೂಬಿನಿಂದ ಡವ್‌ಕಾಟಿಗೆ 993ರಲ್ಲಿ, ಇಲ್ಲವೇ 143ರಲ್ಲಿ ಬಯಲಾಗಿ ಶುರುವಾಗಿ ಸ್ಟಾರ್ಟ್‌ಟಿಎಲ್‌ಎಸ್ ಹೇಳಿ ಮುಚ್ಚಿಕೊಳ್ಳುವ ಇನ್ನೊಂದು. ರೌಂಡ್‌ಕ್ಯೂಬಿನಿಂದ ಪೋಸ್ಟ್‌ಫಿಕ್ಸಿಗೆ 587 ಅಥವಾ 465ರಲ್ಲಿ ಮೂರನೆಯದು. ಮೂರಕ್ಕೂ ಸರ್ಟಿಫಿಕೇಟ್ ಫೈಲ್ ಒಂದೇ ಇರಬಹುದು, ಆದರೆ ಅದನ್ನು ಓದುವ, ಪರೀಕ್ಷಿಸುವ ಪ್ರೋಗ್ರಾಮುಗಳು ಬೇರೆ ಬೇರೆ.

ಯಾವುದು ಕೆಟ್ಟಿದೆ ಎಂದು ಪರದೆಯೇ ಹೇಳುತ್ತದೆ. ಪುಟವೇ ತೆರೆಯಲಿಲ್ಲ, ಅಥವಾ ಬ್ರೌಸರ್ ಕೆಂಪು ಎಚ್ಚರಿಕೆ ತೋರಿಸಿತು ಎಂದರೆ ಮೊದಲನೆಯದು. ಲಾಗಿನ್ ಪುಟ ಬಂತು, ಪಾಸ್‌ವರ್ಡ್ ಕೊಟ್ಟ ಮೇಲೆ ಸ್ಟೋರೇಜ್ ಸರ್ವರಿಗೆ ಸಂಪರ್ಕ ಸಿಗಲಿಲ್ಲ ಎಂದಿತು ಎಂದರೆ ಎರಡನೆಯದು. ಬ್ರೌಸರಿನದು ಅಲ್ಲಿ ಏನೂ ತಪ್ಪಿಲ್ಲ. ಓದಲು ಆಗುತ್ತದೆ, ಕಳಿಸುವಾಗ ಎಸ್‌ಎಂಟಿಪಿ ದೋಷ ಎಂದರೆ ಮೂರನೆಯದು. ಇಷ್ಟು ಗೊತ್ತುಮಾಡಿಕೊಳ್ಳದೆ ಡವ್‌ಕಾಟಿನ ತೊಂದರೆಗೆ ಅಪಾಚೆಯ ಸರ್ಟಿಫಿಕೇಟ್ ಬದಲಿಸುವುದು ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಹಾಗೆ.

2. ಸರ್ವರನ್ನೇ ನೇರವಾಗಿ ಮಾತಾಡಿಸಿ

ಓಪನ್‌ಎಸ್‌ಎಸ್‌ಎಲ್ ಜೊತೆಗೆ ಬರುವ ಎಸ್_ಕ್ಲೈಂಟ್ ಆದೇಶಕ್ಕಿಂತ ಒಳ್ಳೆಯ ಸಲಕರಣೆ ಈ ಕೆಲಸಕ್ಕೆ ಇಲ್ಲ. ಹೆಸರು ಮತ್ತು ಪೋರ್ಟ್ ಕೊಟ್ಟರೆ ಅದು ಸರ್ಟಿಫಿಕೇಟುಗಳ ಸರಣಿಯನ್ನು ಒಂದೊಂದಾಗಿ ತೋರಿಸಿ, ಪರಿಶೀಲನೆಯ ಫಲಿತಾಂಶವನ್ನು ಒಂದು ಅಂಕಿಯಲ್ಲಿ ಹೇಳುತ್ತದೆ: ಸೊನ್ನೆ ಎಂದರೆ ಸರಿ. ಕೊನೆಗೆ ‘ಓಕೆ’ ಎಂದು ಶುರುವಾಗುವ ಡವ್‌ಕಾಟಿನ ಸ್ವಾಗತದ ಸಾಲು ಬಂದರೆ 993ರ ಮಟ್ಟಿಗೆ ನಿಶ್ಚಿಂತೆ. 143 ಮತ್ತು 587ಕ್ಕೆ ಸ್ಟಾರ್ಟ್‌ಟಿಎಲ್‌ಎಸ್ ಆಯ್ಕೆಯನ್ನು ಸೇರಿಸಲೇಬೇಕು. ಇದನ್ನು ಮೊದಲು ಸರ್ವರಿನಲ್ಲೇ ಓಡಿಸಿ, ಆಮೇಲೆ ಮನೆಯ ಇನ್ನೊಂದು ಕಂಪ್ಯೂಟರಿನಿಂದ, ಕೊನೆಗೆ ಮೊಬೈಲ್ ಡೇಟಾ ಹಾಟ್‌ಸ್ಪಾಟಿನಿಂದ. ಎಲ್ಲಿ ಫಲಿತಾಂಶ ಬದಲಾಯಿತೋ ತೊಂದರೆ ಅಲ್ಲಿದೆ.

ಪಕ್ಕದಲ್ಲೇ ಲಾಗ್ ತೆರೆದಿರಲಿ. ಡೆಬಿಯನ್ 12ರಿಂದ ಮೇಲ್ ಲಾಗ್ ಫೈಲ್ ತಾನಾಗಿ ಇರುವುದಿಲ್ಲ, ಜರ್ನಲ್‌ಸಿಟಿಎಲ್‌ನಲ್ಲೇ ನೋಡಬೇಕು. ‘ರಾಂಗ್ ವರ್ಷನ್ ನಂಬರ್’ ಎಂದು ಬಂದರೆ ಟಿಎಲ್‌ಎಸ್ ಆವೃತ್ತಿಯ ಬೆನ್ನು ಹತ್ತಬೇಡಿ. ಬಹಳ ಸಲ ಅದರ ಅರ್ಥ, ಬಯಲು ಮಾತಿನಿಂದ ಶುರುವಾಗುವ ಪೋರ್ಟಿಗೆ ನೇರವಾಗಿ ಟಿಎಲ್‌ಎಸ್ ಮಾತಾಡಿದ್ದೇವೆ ಎಂದು. 587ಕ್ಕೆ ಎಸ್‌ಎಸ್‌ಎಲ್ ಎಂದು ಬರೆದವರಿಗೆಲ್ಲ ಇದು ಕಾಣುತ್ತದೆ. (2018ರ ಆರ್‌ಎಫ್‌ಸಿ 8314 ಶುರುವಿನಿಂದಲೇ ಟಿಎಲ್‌ಎಸ್ ಇರುವ 465ನ್ನೇ ಬಳಸಿ ಎನ್ನುತ್ತದೆ. ನನ್ನ ಮತವೂ ಅದೇ.) ‘ಅನ್‌ನೋನ್ ಸಿಎ’, ಅಲರ್ಟ್ 48 ಎಂದು ಡವ್‌ಕಾಟಿನ ಲಾಗಿನಲ್ಲಿ ಬಂದರೆ ಆ ದೂರು ಸರ್ವರಿನದಲ್ಲ. ಎದುರಿನವನು ನಿಮ್ಮ ಸರ್ಟಿಫಿಕೇಟನ್ನು ನಂಬಲಿಲ್ಲ ಎಂದು ಹೇಳಿಹೋದ ಗುರುತು ಅದು.

3. ಬ್ರೌಸರಿನ ಬೀಗದ ಚಿತ್ರವನ್ನು ಸಾಕ್ಷಿಯಾಗಿ ತೆಗೆದುಕೊಳ್ಳಬೇಡಿ

ಲೆಟ್ಸ್ ಎನ್‌ಕ್ರಿಪ್ಟ್ ಕೊಡುವ ಫೈಲುಗಳಲ್ಲಿ ಸರ್ಟ್.ಪೆಮ್ ಎಂದರೆ ನಮ್ಮ ಸರ್ಟಿಫಿಕೇಟ್ ಮಾತ್ರ, ಫುಲ್‌ಚೈನ್.ಪೆಮ್ ಎಂದರೆ ಅದರ ಜೊತೆಗೆ ನಡುವಿನ ಸರ್ಟಿಫಿಕೇಟ್ ಕೂಡ. ಮೊದಲನೆಯದನ್ನು ಮಾತ್ರ ಕೊಟ್ಟರೂ ಬಹುತೇಕ ಬ್ರೌಸರುಗಳು ನಡುವಿನ ಕೊಂಡಿಯನ್ನು ತಾವೇ ಹುಡುಕಿ ತಂದೋ, ಹಿಂದೆ ಎಲ್ಲೋ ಕಂಡದ್ದನ್ನು ನೆನಪಿಟ್ಟೋ ಕೆಲಸ ಸಾಗಿಸಿಬಿಡುತ್ತವೆ. ರೌಂಡ್‌ಕ್ಯೂಬನ್ನು ಓಡಿಸುವ ಪಿಎಚ್‌ಪಿ ಹಾಗೆ ಮಾಡುವುದಿಲ್ಲ, ಎಷ್ಟೋ ಮೇಲ್ ಆ್ಯಪ್‌ಗಳೂ ಮಾಡುವುದಿಲ್ಲ. ಹಾಗಾಗಿ ಒಂದೇ ಸರ್ಟಿಫಿಕೇಟ್ ಬ್ರೌಸರಿನಲ್ಲಿ ಸರಿ, ರೌಂಡ್‌ಕ್ಯೂಬಿಗೆ ತಪ್ಪು ಎಂಬ ಸ್ಥಿತಿ ಹುಟ್ಟುತ್ತದೆ. ಎಲ್ಲ ಕಡೆಯೂ ಫುಲ್‌ಚೈನ್ ಹಾಕಿ. ಡವ್‌ಕಾಟ್ 2.3ರಲ್ಲಿ ಫೈಲಿನ ಹಾದಿಯ ಮುಂದೆ ‘<’ ಚಿಹ್ನೆ ಬೇಕೇ ಬೇಕು, 2.4ರಲ್ಲಿ ಆ ಸೆಟ್ಟಿಂಗಿನ ಹೆಸರೂ ಬದಲಾಗಿದೆ, ಚಿಹ್ನೆಯೂ ಬೇಡ.

4. ‘ಲೋಕಲ್‌ಹೋಸ್ಟ್’ ಎಂಬ ಹೆಸರಿಗೆ ಸರ್ಟಿಫಿಕೇಟ್ ಇಲ್ಲ

ರೌಂಡ್‌ಕ್ಯೂಬ್, ಡವ್‌ಕಾಟ್ ಎರಡೂ ಒಂದೇ ಪೆಟ್ಟಿಗೆಯಲ್ಲಿರುವುದರಿಂದ ಐಮ್ಯಾಪ್ ವಿಳಾಸದ ಜಾಗದಲ್ಲಿ ಲೋಕಲ್‌ಹೋಸ್ಟ್ 993 ಎಂದು ಬರೆಯುವುದು ಸಹಜ. ಆದರೆ ಡವ್‌ಕಾಟ್ ಮುಂದಿಡುವ ಸರ್ಟಿಫಿಕೇಟಿನಲ್ಲಿ ಇರುವುದು ನಮ್ಮ ಡೊಮೈನಿನ ಹೆಸರು. ಕರೆದ ಹೆಸರು ಒಂದು, ಓಗೊಟ್ಟ ಹೆಸರು ಇನ್ನೊಂದು ಎಂದಾದಾಗ ಪಿಎಚ್‌ಪಿ ಸಂಪರ್ಕ ಕಡಿದುಹಾಕುತ್ತದೆ. ಅದು ಸರಿಯಾಗಿಯೇ ನಡೆದುಕೊಂಡಿದೆ.

ಇದಕ್ಕೆ ಎಲ್ಲ ಕಡೆ ಸಿಗುವ ಸಲಹೆ, ಪರಿಶೀಲನೆಯನ್ನೇ ಆರಿಸಿಬಿಡಿ ಎಂಬುದು. ದಯವಿಟ್ಟು ಅದನ್ನು ಮಾಡಬೇಡಿ. ಇವತ್ತು ಒಂದೇ ಪೆಟ್ಟಿಗೆಯಲ್ಲಿರುವ ವೆಬ್‌ಮೇಲನ್ನು ನಾಳೆ ಬಾಡಿಗೆ ಸರ್ವರಿಗೆ ಸಾಗಿಸಿದಾಗ ಆ ಸಾಲು ಕಾನ್ಫಿಗ್ ಫೈಲಿನ ಜೊತೆಗೇ ಸಾಗುತ್ತದೆ. ಆಮೇಲೆ ನಡುವೆ ಯಾರು ನಿಂತು ಪಾಸ್‌ವರ್ಡ್ ಕೇಳಿದರೂ ರೌಂಡ್‌ಕ್ಯೂಬ್ ಕೊಟ್ಟುಬಿಡುತ್ತದೆ. ಸರಿಯಾದ ದಾರಿ ಎರಡಿವೆ. ಸರ್ಟಿಫಿಕೇಟಿನಲ್ಲಿರುವ ಹೆಸರನ್ನೇ ಕೊಟ್ಟು, ಆ ಹೆಸರಿಗೆ 127.0.0.1 ಎಂದು ಹೋಸ್ಟ್ಸ್ ಫೈಲಿನಲ್ಲಿ ಒಂದು ಸಾಲು ಸೇರಿಸುವುದು ಒಂದು. ಇನ್ನೊಂದು, ಒಂದೇ ಪೆಟ್ಟಿಗೆ ಎಂಬುದು ಖಚಿತವಿದ್ದರೆ 143ರಲ್ಲಿ ಬಯಲಾಗಿಯೇ ಮಾತಾಡಿಸುವುದು. ಆ ಮಾತು ಪೆಟ್ಟಿಗೆಯಿಂದ ಹೊರಗೆ ಬರುವುದೇ ಇಲ್ಲ. 143 ಹೊರಗಿನವರಿಗೆ ತೆರೆದಿರಬಾರದು, ಅಷ್ಟೆ.

ರೌಂಡ್‌ಕ್ಯೂಬ್ 1.5ರಿಂದ 1.6ಕ್ಕೆ ಏರಿಸುವವರು ಗಮನಿಸಿ: ಹೋಸ್ಟ್ ಮತ್ತು ಪೋರ್ಟ್ ಬೇರೆ ಬೇರೆ ಸೆಟ್ಟಿಂಗುಗಳಾಗಿದ್ದದ್ದು 1.6ರಲ್ಲಿ ಒಂದೇ ಸಾಲಿಗೆ ಬಂದಿದೆ.

5. ನವೀಕರಣ ಆಯಿತು ಎಂದರೆ ಮುಗಿಯಲಿಲ್ಲ

ಲೆಟ್ಸ್ ಎನ್‌ಕ್ರಿಪ್ಟ್‌ನ ಮಾಮೂಲಿ ಸರ್ಟಿಫಿಕೇಟ್ ಬಂದದ್ದೇ 90 ದಿನದ ಆಯಸ್ಸಿನೊಂದಿಗೆ. ಸರ್ಟ್‌ಬಾಟ್ ಅವಧಿಗೆ ಮೊದಲೇ ಹೊಸದನ್ನು ತಂದು ಡಿಸ್ಕಿನಲ್ಲಿ ಇಡುತ್ತದೆ. ಡವ್‌ಕಾಟ್ ಮಾತ್ರ ಶುರುವಾದಾಗ ಓದಿಕೊಂಡ ಹಳೆಯದನ್ನೇ ಹಿಡಿದು ಕೂತಿರುತ್ತದೆ. ಡಿಸ್ಕಿನಲ್ಲಿ ನೋಡಿದರೆ ಹೊಸ ತಾರೀಕು, ಹೊರಗಿನಿಂದ ಸಂಪರ್ಕಿಸಿದರೆ ಅವಧಿ ಮುಗಿದಿದೆ. ಇದಕ್ಕೆ ಮದ್ದು ಸರ್ಟ್‌ಬಾಟಿನ ಡಿಪ್ಲಾಯ್ ಹುಕ್: ನವೀಕರಣವಾದ ಕೂಡಲೇ ಅಪಾಚೆ, ಡವ್‌ಕಾಟ್, ಪೋಸ್ಟ್‌ಫಿಕ್ಸ್ ಮೂರನ್ನೂ ರೀಲೋಡ್ ಮಾಡುವ ನಾಲ್ಕು ಸಾಲಿನ ಸ್ಕ್ರಿಪ್ಟ್.

ಅವಧಿ ಮುಗಿಯುತ್ತಿದೆ ಎಂದು ಲೆಟ್ಸ್ ಎನ್‌ಕ್ರಿಪ್ಟ್ ಕಳಿಸುತ್ತಿದ್ದ ಇಮೇಲ್‌ಗಳು 2025ರ ಜೂನ್‌ನಲ್ಲಿ ನಿಂತುಹೋದವು. ಸಾರ್ವಜನಿಕ ಸರ್ಟಿಫಿಕೇಟುಗಳ ಗರಿಷ್ಠ ಆಯಸ್ಸನ್ನು 2029ರ ಹೊತ್ತಿಗೆ 47 ದಿನಕ್ಕೆ ಇಳಿಸಲು ಸಿಎ–ಬ್ರೌಸರ್ ಫೋರಂ ತೀರ್ಮಾನಿಸಿಯಾಗಿದೆ. ಕೈಯಿಂದ ನವೀಕರಿಸುವ ಕಾಲ ಮುಗಿಯಿತು. ವಾರಕ್ಕೊಮ್ಮೆ 443, 993, 465 ಈ ಮೂರೂ ಪೋರ್ಟುಗಳಿಗೆ ಹೋಗಿ ಮುಕ್ತಾಯದ ತಾರೀಕು ನೋಡಿ ಬರುವ ಒಂದು ಕ್ರಾನ್ ಕೆಲಸ ಹಾಕಿಕೊಳ್ಳಿ. ನೋಡಬೇಕಾದದ್ದು ಡಿಸ್ಕಿನ ಫೈಲನ್ನಲ್ಲ, ಪೋರ್ಟನ್ನು.

ನವೀಕರಣವೇ ಆಗುತ್ತಿಲ್ಲವೆಂದರೆ 80ನೇ ಪೋರ್ಟ್ ಹೊರಗಿನಿಂದ ತೆರೆದಿದೆಯೇ ನೋಡಿ. ತೆರೆಯಲು ಆಗದ ಸಂಪರ್ಕವಾದರೆ ಡಿಎನ್‌ಎಸ್ ಮೂಲಕ ದೃಢೀಕರಿಸುವ ವಿಧಾನಕ್ಕೆ ಹೊರಳಿ. ಪರೀಕ್ಷೆಗೆ ‘ಡ್ರೈ ರನ್’ ಇದೆ. ನಿಜವಾದ ಸೇವೆಯ ಮೇಲೆ ಮತ್ತೆ ಮತ್ತೆ ಪ್ರಯತ್ನಿಸಿದರೆ ಅದು ಕೆಲಹೊತ್ತು ಬಾಗಿಲು ಹಾಕಿಬಿಡುತ್ತದೆ.

6. ಕರೆಂಟು ಹೋಗಿ ಬಂದ ಮೇಲೆ ಗಡಿಯಾರ ನೋಡಿ

ರಾಸ್ಪ್‌ಬೆರಿ ಪೈ 4ರಲ್ಲಿ ಬ್ಯಾಟರಿಯಿಂದ ನಡೆಯುವ ಗಡಿಯಾರ ಇಲ್ಲ. ಪೈ 5ರಲ್ಲಿ ಇದೆ, ಆದರೆ ಬ್ಯಾಟರಿಯನ್ನು ಬೇರೆ ಕೊಂಡು ಹಾಕಬೇಕು. ಕರೆಂಟು ಹೋಗಿ ಬಂದಾಗ ಪೈ ಕೊನೆಯ ಬಾರಿ ಬರೆದಿಟ್ಟುಕೊಂಡ ಹೊತ್ತಿನಿಂದಲೇ ಮತ್ತೆ ಶುರುಮಾಡುತ್ತದೆ. ಸರಿಯಾದ ಸಮಯ ಸಿಗುವುದು ಇಂಟರ್‌ನೆಟ್ ಬಂದ ಮೇಲೆ. ಮಳೆಗಾಲದ ಮಲೆನಾಡಿನಲ್ಲಿ ಕರೆಂಟು ಬಂದರೂ ಇಂಟರ್‌ನೆಟ್ ಬರಲು ಇನ್ನೂ ಎಷ್ಟೋ ಹೊತ್ತು ಹಿಡಿಯುವುದು ಅಲ್ಲಿಯವರಿಗೆ ಹೊಸದಲ್ಲ. ಗಡಿಯಾರ ಕೆಲವು ನಿಮಿಷ ಹಿಂದಿದ್ದರೂ ಸಾಕು, 30 ಸೆಕೆಂಡಿಗೊಮ್ಮೆ ಬದಲಾಗುವ ಎರಡನೇ ಹಂತದ ಕೋಡ್ ತಿರಸ್ಕೃತವಾಗುತ್ತದೆ, ನಾವು ಪಾಸ್‌ವರ್ಡನ್ನು ದೂರುತ್ತ ಕೂರುತ್ತೇವೆ. ಮೆಮೊರಿ ಕಾರ್ಡ್ ಕೆಟ್ಟು ಹಳೆಯ ಬ್ಯಾಕಪ್ ಇಮೇಜ್ ಹಾಕಿದಾಗಲಂತೂ ಗಡಿಯಾರ ತಿಂಗಳುಗಟ್ಟಲೆ ಹಿಂದಿನಿಂದ ಹೊರಡುತ್ತದೆ. ಆಗ ಅದಕ್ಕೆ ತಂದು ಹಾಕಿದ ಹೊಸ ಸರ್ಟಿಫಿಕೇಟ್ ‘ಇನ್ನೂ ಜಾರಿಗೆ ಬಂದಿಲ್ಲ’ ಎಂದು ರೌಂಡ್‌ಕ್ಯೂಬ್ ತಕರಾರು ತೆಗೆಯುತ್ತದೆ. ಬ್ರೌಸರಿನ ಸಂಪರ್ಕ ಚೆನ್ನಾಗಿಯೇ ಇರುತ್ತದೆ, ಏಕೆಂದರೆ ಅದು ನೋಡುವುದು ನಿಮ್ಮ ಲ್ಯಾಪ್‌ಟಾಪಿನ ಗಡಿಯಾರ.

ಡಿಎಸ್3231 ಚಿಪ್ಪಿನ ಒಂದು ಸಣ್ಣ ಗಡಿಯಾರದ ಹಲಗೆ ಜೋಡಿಸಿ. ಯುಪಿಎಸ್ ಇದ್ದರೆ ಪೈ ಜೊತೆಗೆ ರೂಟರನ್ನೂ, ಫೈಬರಿನ ಪೆಟ್ಟಿಗೆಯನ್ನೂ ಅದಕ್ಕೇ ಸೇರಿಸಿ.

7. ಮನೆಯೊಳಗೆ ಒಂದು, ಹೊರಗೆ ಇನ್ನೊಂದು

ಮೊಬೈಲ್ ಡೇಟಾದಲ್ಲಿ ವೆಬ್‌ಮೇಲ್ ಸರಾಗ, ಮನೆಯ ವೈಫೈಗೆ ಬಂದ ಕೂಡಲೇ ಸರ್ಟಿಫಿಕೇಟ್ ಎಚ್ಚರಿಕೆ. ಆ ಎಚ್ಚರಿಕೆಯ ವಿವರ ತೆರೆದು ಸರ್ಟಿಫಿಕೇಟ್ ಯಾರ ಹೆಸರಿನಲ್ಲಿದೆ ಎಂದು ಓದಿ. ಎಷ್ಟೋ ಸಲ ಅಲ್ಲಿ ಕಾಣುವುದು ರೂಟರ್ ಕಂಪನಿಯ ಹೆಸರು. ಒಳಗಿನಿಂದ ನಮ್ಮದೇ ಸಾರ್ವಜನಿಕ ವಿಳಾಸಕ್ಕೆ ಹೋದಾಗ ರೂಟರ್ ಅದನ್ನು ಸರ್ವರಿಗೆ ತಿರುಗಿಸದೆ ತನ್ನದೇ ಆಡಳಿತ ಪುಟ ತೋರಿಸಿದೆ ಎಂದರ್ಥ. ‘ಪರವಾಗಿಲ್ಲ, ಮುಂದುವರಿ’ ಒತ್ತಿ ಪಾಸ್‌ವರ್ಡ್ ಕೊಡುವ ಅಭ್ಯಾಸ ಮನೆಯವರಿಗೆ ಬೆಳೆಯದಂತೆ ನೋಡಿಕೊಳ್ಳುವುದು ಸರ್ವರ್ ನಡೆಸುವವರ ಹೊಣೆ. ಮನೆಯೊಳಗಿನ ಡಿಎನ್‌ಎಸ್‌ನಲ್ಲಿ ಆ ಹೆಸರಿಗೆ ಸರ್ವರಿನ ಒಳವಿಳಾಸ ಕೊಟ್ಟರೆ ಇದು ಬಗೆಹರಿಯುತ್ತದೆ. ಫೋನಿನಲ್ಲಿ ಪ್ರೈವೇಟ್ ಡಿಎನ್‌ಎಸ್‌ಗೆ ಹೊರಗಿನ ಸೇವೆ ಆರಿಸಿದ್ದರೆ ಅದು ಮನೆಯ ಡಿಎನ್‌ಎಸ್ ಕೇಳುವುದಿಲ್ಲ ಎಂಬುದು ನೆನಪಿರಲಿ.

ಇದರ ತಿರುವುಮುರುವು: ಮನೆಯಲ್ಲಿ ಸರಿ, ಹೊರಗಿನಿಂದ ಇಲ್ಲ. ರೂಟರಿನ ಹೊರವಿಳಾಸ 100.64ರಿಂದ 100.127ರ ನಡುವೆ ಶುರುವಾಗುತ್ತಿದ್ದರೆ ನೀವು ಸೇವಾದಾರರ ಹಂಚಿಕೆ ನ್ಯಾಟ್ ಹಿಂದೆ ಇದ್ದೀರಿ. ಪೋರ್ಟ್ ಫಾರ್ವರ್ಡ್ ಎಷ್ಟು ಮಾಡಿದರೂ ವ್ಯರ್ಥ; ಸ್ಥಿರ ವಿಳಾಸ ಕೊಳ್ಳಬೇಕು, ಇಲ್ಲವೇ ಐಪಿವಿ6 ಬಳಸಬೇಕು. ಐಪಿವಿ6 ಇದ್ದವರು ಡಿಎನ್‌ಎಸ್‌ನಲ್ಲಿ ಅದರ ಹಳೆಯ ವಿಳಾಸ ಉಳಿದಿದೆಯೇ ಎಂದೂ ನೋಡಬೇಕು.

8. ‘ಕನೆಕ್ಟೆಡ್’ ಎಂದು ಬಂದು ಅಲ್ಲೇ ನಿಂತರೆ

ಎಲ್ಲಕ್ಕಿಂತ ಹೆಚ್ಚು ದಾರಿ ತಪ್ಪಿಸುವ ದೋಷ ಇದು. ಎಸ್_ಕ್ಲೈಂಟ್ ಓಡಿಸಿದರೆ ‘ಕನೆಕ್ಟೆಡ್’ ಎಂಬ ಒಂದು ಪದ ಬೀಳುತ್ತದೆ, ಆಮೇಲೆ ಏನೂ ಇಲ್ಲ. ದೋಷದ ಸಂದೇಶವೂ ಇಲ್ಲ. ಪೋರ್ಟ್ ತೆರೆದಿದೆ, ಸರ್ಟಿಫಿಕೇಟ್ ಸರಿಯಿದೆ, ಮನೆಯೊಳಗೆ ಎಲ್ಲವೂ ನಡೆಯುತ್ತದೆ.

ಕಾರಣ ಪ್ಯಾಕೆಟ್ಟಿನ ಗಾತ್ರ. ಸಂಪರ್ಕ ಶುರುವಾಗುವಾಗಿನ ಪ್ಯಾಕೆಟ್ಟುಗಳು ತೀರಾ ಚಿಕ್ಕವು, ಸಲೀಸಾಗಿ ದಾಟುತ್ತವೆ. ಆಮೇಲೆ ಸರ್ವರ್ ತನ್ನ ಸರ್ಟಿಫಿಕೇಟ್ ಸರಣಿ ಕಳಿಸುವಾಗ ಮೊದಲ ಬಾರಿಗೆ ತುಂಬಿದ ಪ್ಯಾಕೆಟ್ಟುಗಳು ಹೊರಡುತ್ತವೆ. ಮನೆಯ ಫೈಬರ್ ಸಂಪರ್ಕ ಪಿಪಿಪಿಒಇ ಆಗಿದ್ದರೆ 1500 ಬೈಟಿನಲ್ಲಿ 8 ಬೈಟ್ ಅದಕ್ಕೇ ಹೋಗುತ್ತದೆ, ಉಳಿಯುವುದು 1492. ‘ಇದು ದೊಡ್ಡದಾಯಿತು, ಚಿಕ್ಕದು ಮಾಡು’ ಎಂದು ತಿಳಿಸಬೇಕಾದ ಐಸಿಎಂಪಿ ಸಂದೇಶವನ್ನು ಯಾವುದೋ ಫೈರ್‌ವಾಲ್ ತಡೆದಿದ್ದರೆ ಸರ್ವರ್ ಅದೇ ಗಾತ್ರದಲ್ಲಿ ಮತ್ತೆ ಮತ್ತೆ ಕಳಿಸುತ್ತದೆ, ಒಂದೂ ಮುಟ್ಟುವುದಿಲ್ಲ.

ಪರೀಕ್ಷೆ ಸುಲಭ. ಸರ್ವರಿನಿಂದ ಹೊರಗಿನ ಒಂದು ವಿಳಾಸಕ್ಕೆ, ಒಡೆಯಬೇಡ ಎಂಬ ಆಯ್ಕೆಯೊಂದಿಗೆ 1464 ಬೈಟಿನ ಪಿಂಗ್ ಕಳಿಸಿ. ಅದು ಹೋಗಿ 1472 ಹೋಗದಿದ್ದರೆ ದಾರಿಯ ಮಿತಿ 1492 ಎಂದೇ ತಿಳಿಯಬಹುದು. ತಲೆಬರಹದ 28 ಬೈಟ್ ಸೇರಿಸಿ ಲೆಕ್ಕ ಹಾಕಿ ನೋಡಿ. ರೂಟರಿನಲ್ಲಿ ಎಂಎಸ್‌ಎಸ್ ಕ್ಲ್ಯಾಂಪಿಂಗ್ ಹಾಕಿ 1452ಕ್ಕೆ ಇಳಿಸಿದರೆ ಪುಟ ತೆರೆದುಕೊಳ್ಳುತ್ತದೆ. ಐಸಿಎಂಪಿ ಪೂರ್ತಿ ಮುಚ್ಚುವುದನ್ನು ಸುರಕ್ಷತೆ ಎಂದು ತಿಳಿದವರು ದಯಮಾಡಿ ಆ ನಿಯಮವನ್ನು ತೆಗೆಯಿರಿ.

9. ಹಳೆಯ ಫೋನಿಗಾಗಿ ಸರ್ವರನ್ನು ಸಡಿಲಿಸಬೇಡಿ

ಟಿಎಲ್‌ಎಸ್ 1.0 ಮತ್ತು 1.1 ಎರಡನ್ನೂ 2021ರ ಮಾರ್ಚ್‌ನಲ್ಲಿ ಆರ್‌ಎಫ್‌ಸಿ 8996 ವಿಧಿಪೂರ್ವಕವಾಗಿ ಕೈಬಿಟ್ಟಿತು. ಆಂಡ್ರಾಯ್ಡ್ 7.1ಕ್ಕಿಂತ ಹಳೆಯ ಫೋನುಗಳಲ್ಲಿ ಲೆಟ್ಸ್ ಎನ್‌ಕ್ರಿಪ್ಟ್‌ನ ಮೂಲ ಸರ್ಟಿಫಿಕೇಟೂ ಇಲ್ಲ. ಅಂಥ ಒಂದು ಫೋನಿಗಾಗಿ ಮನೆಯವರೆಲ್ಲರ ಪತ್ರಗಳ ಕಾವಲನ್ನು ಇಳಿಸುವುದು ನ್ಯಾಯವಲ್ಲ.

10. ಸಂಪರ್ಕ ಸುರಕ್ಷಿತವಾದ ಮಾತ್ರಕ್ಕೆ ವೆಬ್‌ಮೇಲ್ ಸುರಕ್ಷಿತವಾಗಲಿಲ್ಲ

2025ರ ಜೂನ್‌ನಲ್ಲಿ ರೌಂಡ್‌ಕ್ಯೂಬಿನಲ್ಲಿ ಬಹಳ ವರ್ಷಗಳಿಂದ ಅಡಗಿದ್ದ ಗಂಭೀರ ದೋಷ ಹೊರಬಿತ್ತು. ಲಾಗಿನ್ ಆದವರು ಯಾರೇ ಆಗಲಿ ಸರ್ವರಿನಲ್ಲಿ ತಮಗೆ ಬೇಕಾದ ಪ್ರೋಗ್ರಾಮ್ ಓಡಿಸಬಹುದಿತ್ತು. ಪರಿಹಾರ ಬಂದದ್ದು 1.6.11 ಮತ್ತು 1.5.10ರಲ್ಲಿ. ನಿಮ್ಮ ಆವೃತ್ತಿ ಇವುಗಳಿಗಿಂತ ಹಿಂದಿನದಾಗಿದ್ದು, ನಿಮ್ಮ ಡಿಸ್ಟ್ರಿಬ್ಯೂಷನ್ ಅದಕ್ಕೆ ಪರಿಹಾರ ಕೊಟ್ಟಿಲ್ಲವೆಂದರೆ ಇವತ್ತೇ ಏರಿಸಿ. ಆಗದಿದ್ದರೆ 443ನ್ನು ಹೊರಗಿನವರಿಗೆ ಮುಚ್ಚಿ ವೈರ್‌ಗಾರ್ಡ್ ಮೂಲಕ ಮಾತ್ರ ಒಳಗೆ ಬನ್ನಿ. ಮನೆಮಂದಿಯ ನಾಲ್ಕೈದು ಫೋನುಗಳಿಗೆ ಅದನ್ನು ಹಾಕಿಕೊಡಲು ಒಂದು ಸಂಜೆ ಸಾಕು.