‘ಲಂಡನ್ ನಗರ’: ಪ್ರವಾಸ ಗದ್ಯದ ಬೋಧನೆಗೊಂದು ಪಾಠಯೋಜನೆ

ಹತ್ತನೆಯ ತರಗತಿಯ ಪ್ರಥಮ ಭಾಷೆ ಕನ್ನಡದ ‘ಲಂಡನ್ ನಗರ’ ಪಾಠವು ವಿ.ಕೃ. ಗೋಕಾಕರ ‘ಸಮುದ್ರದಾಚೆಯಿಂದ’ ಪ್ರವಾಸ ಕಥನದಿಂದ ಆಯ್ದದ್ದು. ಬೋಧನಾಭ್ಯಾಸದಲ್ಲಿ ಇದನ್ನು ಆಯ್ದುಕೊಳ್ಳುವ ಪ್ರಶಿಕ್ಷಣಾರ್ಥಿಯ ಮುಂದಿರುವ ಅಪಾಯ ಒಂದೇ: ಪಾಠ ಸ್ಥಳನಾಮಗಳ ಪಟ್ಟಿಯಾಗಿ, ಒಂದು ಅಂಕದ ಪ್ರಶ್ನೋತ್ತರವಾಗಿ ಮುಗಿದುಬಿಡುವುದು. ಬೆಂಗಳೂರನ್ನೂ ಕಾಣದ ಮಗು ಟ್ರಾಫಲ್ಗರ್ ಚೌಕದ ಹೆಸರನ್ನು ಬಾಯಿಪಾಠ ಮಾಡಿದರೆ ಅದಕ್ಕೆ ದಕ್ಕಿದ್ದೇನು? ಪ್ರವಾಸ ಗದ್ಯ ಕಲಿಸಬೇಕಾದದ್ದು ಊರನ್ನಲ್ಲ, ಊರನ್ನು ನೋಡುವ ಬಗೆಯನ್ನು.

ಉದ್ದೇಶ: ವಿದ್ಯಾರ್ಥಿಯು ಲೇಖಕರು ಏನನ್ನು, ಏಕೆ ಗಮನಿಸಿದರೆಂದು ಗುರುತಿಸುವನು, ಅದೇ ಬಗೆಯಲ್ಲಿ ತನ್ನ ಊರನ್ನು ವರ್ಣಿಸುವನು.

ಪೀಠಿಕೆ: ಗೋಕಾಕರು 1909ರಲ್ಲಿ ಹುಟ್ಟಿದ್ದು ಸವಣೂರಿನಲ್ಲಿ. ನಕಾಶೆಯಲ್ಲಿ ಮೊದಲು ಲಕ್ಷ್ಮೇಶ್ವರ, ಪಕ್ಕದ ಸವಣೂರು, ಆಮೇಲೆ ಲಂಡನ್ ತೋರಿಸಿ. 1930ರ ದಶಕದಲ್ಲಿ ಆಕ್ಸ್‌ಫರ್ಡ್‌ನಲ್ಲಿ ಓದಿದ ನಮ್ಮ ಸೀಮೆಯ ವಿದ್ಯಾರ್ಥಿಯೊಬ್ಬರು ತಮ್ಮನ್ನು ಆಳುತ್ತಿದ್ದವರ ರಾಜಧಾನಿಯನ್ನು ಸುತ್ತಿ ನೋಡಿದರು ಎಂಬುದು ತರಗತಿಗೆ ಮನದಟ್ಟಾಗಲಿ.

ಹಂತ 1. ಮೌನವಾಚನದ ನಂತರ ಕಪ್ಪುಹಲಗೆಯಲ್ಲಿ ಮೂರು ಕಂಬಸಾಲು ಬರೆಯಿರಿ: ಕಂಡದ್ದು, ಅನಿಸಿದ್ದು, ಹೋಲಿಸಿದ್ದು. ಮಕ್ಕಳೇ ಪಾಠದಿಂದ ಆಯ್ದು ತುಂಬಲಿ.

ಹಂತ 2. ವುಲವರ್ಥ ಅಂಗಡಿಯ ಭಾಗಕ್ಕೆ ಬಂದಾಗ ಮುಂಡರಗಿಯ ಮಕ್ಕಳನ್ನು ತಮ್ಮ ಸಂತೆಯ ಬಗ್ಗೆ ಕೇಳಿ. ಅಲ್ಲಿ ಬೆಲೆ ಬರೆದಿಟ್ಟಿರುತ್ತಾರೆಯೇ, ಚೌಕಾಸಿ ನಡೆಯುತ್ತದೆಯೇ?

ಹಂತ 3. ವೆಸ್ಟ್‌ಮಿನ್‌ಸ್ಟರ್ ಅಬೆಯಲ್ಲಿ 1066ರಿಂದ ಪಟ್ಟಾಭಿಷೇಕಗಳು ನಡೆದಿವೆ. ಅರಸರ ಸಮಾಧಿಗಳಿರುವ ಅದೇ ಸೂರಿನಡಿ ಕವಿಗಳಿಗೂ ಒಂದು ಮೂಲೆಯಿದೆ, ಚಾಸರನ ಸಮಾಧಿ ಅಲ್ಲಿದೆ. ಈಗ ಗದಗಿನ ಮಕ್ಕಳನ್ನು ಕೇಳಿ: ನಮ್ಮಲ್ಲಿ ಕವಿಯ ನೆನಪು ಎಲ್ಲಿದೆ? ವೀರನಾರಾಯಣ ಗುಡಿಯ ಕುಮಾರವ್ಯಾಸನ ಕಂಬ ಅವರಿಗೆ ತಾನಾಗಿ ಹೊಳೆಯುತ್ತದೆ. ಲಕ್ಷ್ಮೇಶ್ವರದಲ್ಲಾದರೆ, ಪಂಪ ತನ್ನ ಕಾವ್ಯಭಾಷೆಗೆ ಪುಲಿಗೆರೆಯ ತಿರುಳ್ಗನ್ನಡವೆಂದು ಹೆಸರಿಟ್ಟದ್ದನ್ನು ಹೇಳಿ. ಪುಲಿಗೆರೆ ಅದೇ ಊರು.

ಹಂತ 4. ‘ಆಗ-ಈಗ’ ಚಟುವಟಿಕೆ. ಬ್ರಿಟನ್ನಿನ ವುಲವರ್ಥ ಅಂಗಡಿಗಳು 2009ರಲ್ಲಿ ಮುಚ್ಚಿದವು. ಸ್ಕಾಟ್ಲೆಂಡಿನಿಂದ 1296ರಲ್ಲಿ ಒಯ್ದಿದ್ದ ಪಟ್ಟಾಭಿಷೇಕದ ಶಿಲೆ 1996ರಲ್ಲಿ ಅಲ್ಲಿಗೇ ಮರಳಿತು. 2015ರಲ್ಲಿ ಥೇಮ್ಸ್ ದಂಡೆಯಲ್ಲಿ ಬಸವಣ್ಣನವರ ಪ್ರತಿಮೆ ನಿಂತಿತು. ‘ಗೋಕಾಕರು ಇಂದು ಹೋಗಿದ್ದರೆ ಯಾವುದರ ಬಗ್ಗೆ ಬರೆಯುತ್ತಿದ್ದರು?’ ಎಂಬ ಪ್ರಶ್ನೆಗೆ ಒಂದೇ ಸರಿ ಉತ್ತರವಿಲ್ಲ. ಚರ್ಚೆ ನಡೆಯಲು ಬಿಡಿ.

ಮೌಲ್ಯಮಾಪನ: ಹತ್ತು ಸಾಲಿನ ಬರಹ, ‘ಪರದೇಶದ ವಿದ್ಯಾರ್ಥಿಗೆ ಒಂದು ದಿನ ನಮ್ಮೂರು ತೋರಿಸಿದಾಗ’. ಬೆಟಗೇರಿಯ ನೇಕಾರರ ಓಣಿ, ಶಿರಹಟ್ಟಿಯ ಫಕೀರೇಶ್ವರ ಮಠ, ಯಾವುದಾದರೂ ಆಗಬಹುದು. ಅಂಕ ನೀಡುವಾಗ ಸ್ಥಳಗಳನ್ನು ಎಣಿಸಬೇಡಿ. ಮಗು ತಾನೇ ಕಂಡ ಒಂದು ವಿವರ, ತಾನೇ ಮಾಡಿದ ಒಂದು ಹೋಲಿಕೆ ಇದ್ದರೆ ಪಾಠ ತಲುಪಿದೆ. ‘ಅತಿ ಸುಂದರ’, ‘ನೋಡಲು ಎರಡು ಕಣ್ಣು ಸಾಲದು’ ಎಂಬ ಸವಕಲು ಮಾತುಗಳಷ್ಟೇ ಇದ್ದರೆ ಹಂತ 1ಕ್ಕೆ ಮರಳಿ, ಮೂರು ಕಂಬಸಾಲುಗಳನ್ನು ಈ ಸಲ ಮಗುವಿನ ಓಣಿಗಾಗಿ ಬರೆಯಿಸಿ.