ರಟ್ಟಿನ ಪೆಟ್ಟಿಗೆ: ಗುಜರಿಗೋ, ಗೊಬ್ಬರಕ್ಕೋ?

ಮನೆಬಾಗಿಲಿಗೆ ಬರುವ ಸಾಮಾನಿನ ಜೊತೆ ರಟ್ಟಿನ ಪೆಟ್ಟಿಗೆಗಳೂ ರಾಶಿಯಾಗತೊಡಗಿದ ಮೇಲೆ, ಅವನ್ನು ಗುಜರಿಗೆ ಕೊಡುವುದು ಸರಿಯೋ ಗೊಬ್ಬರದ ಡಬ್ಬಕ್ಕೆ ಹರಿದು ಹಾಕುವುದು ಸರಿಯೋ ಎಂಬ ಪ್ರಶ್ನೆ ಉತ್ತರ ಬೆಂಗಳೂರಿನ ಮಹಡಿ ಮನೆಗಳಲ್ಲಿ ಮತ್ತೆ ಮತ್ತೆ ಏಳುತ್ತಿದೆ. ನಗರದ ಬೆರಕೆ ಕಸವನ್ನು ವರ್ಷಗಟ್ಟಲೆ ಸುರಿಸಿಕೊಂಡ ಮಾವಳ್ಳಿಪುರ ಯಲಹಂಕಕ್ಕೆ ಹತ್ತಿರದ ಊರೇ ಆದ್ದರಿಂದ, ಈ ಭಾಗದವರಿಗೆ ಕಸದ ಚರ್ಚೆ ಹೊಸದಲ್ಲ. ಅಲ್ಲಿನ ಗ್ರಾಮಸ್ಥರ ಪ್ರತಿಭಟನೆಯ ನಂತರ 2012ರಲ್ಲಿ ಆ ಜಾಗ ಮುಚ್ಚಿತು; ಅದೇ ವರ್ಷದ ಅಕ್ಟೋಬರಿನಲ್ಲಿ ಮನೆಯಲ್ಲೇ ಕಸ ವಿಂಗಡಿಸುವುದನ್ನು ಬಿಬಿಎಂಪಿ ಕಡ್ಡಾಯ ಮಾಡಿತು; 2015ರ ಡಿಸೆಂಬರಿನಲ್ಲಿ ಹೈಕೋರ್ಟು ‘ಎರಡು ಡಬ್ಬಿ, ಒಂದು ಚೀಲ’ದ ಕ್ರಮವನ್ನು, ಅಂದರೆ ಹಸಿ ಕಸಕ್ಕೆ ಹಸಿರು ಡಬ್ಬಿ, ಡಯಾಪರ್‌ನಂಥ ಕಸಕ್ಕೆ ಕೆಂಪು ಡಬ್ಬಿ, ಒಣ ಕಸಕ್ಕೆ ಚೀಲ ಎಂಬ ಏರ್ಪಾಡನ್ನು, ಜಾರಿಗೆ ತರುವಂತೆ ಆದೇಶಿಸಿತು. ನಿಯಮದ ಪ್ರಕಾರ ರಟ್ಟಿನ ಸ್ಥಾನ ಚೀಲದಲ್ಲಿ. ಆದರೆ ಮನೆಯಲ್ಲೇ ಗೊಬ್ಬರ ಮಾಡುವವರಿಗೆ ಆ ರಟ್ಟು ಕಸವಾಗಿ ಕಾಣುವುದಿಲ್ಲ. ಅವರಿಗೆ ಅದು ಬೇಕಾದ ಸರಕು.

ಅದಕ್ಕೆ ಕಾರಣ ಇಂಗಾಲ ಮತ್ತು ಸಾರಜನಕದ ಲೆಕ್ಕದಲ್ಲಿದೆ. ಕೊಳೆಯಿಸುವ ಸೂಕ್ಷ್ಮಜೀವಿಗಳು ಇಂಗಾಲವನ್ನು ಶಕ್ತಿಗಾಗಿಯೂ ಸಾರಜನಕವನ್ನು ಮೈ ಕಟ್ಟಿಕೊಳ್ಳುವುದಕ್ಕಾಗಿಯೂ ಬಳಸುವುದರಿಂದ, ಒಂದು ಪಾಲು ಸಾರಜನಕಕ್ಕೆ 25ರಿಂದ 30 ಪಾಲು ಇಂಗಾಲ ಇದ್ದಾಗ ಗೊಬ್ಬರ ಚೆನ್ನಾಗಿ ಮಾಗುತ್ತದೆ. ಅಡುಗೆಮನೆಯ ಕಸದಲ್ಲಿ ಈ ಪ್ರಮಾಣ 20ಕ್ಕಿಂತ ಕಡಿಮೆಯಿರುವುದೇ ಹೆಚ್ಚು. ಮಡಿಕೆ ರಟ್ಟಿನಲ್ಲಿ, ಅಂದರೆ ಎರಡು ಹಾಳೆಗಳ ನಡುವೆ ಅಲೆಯಂತೆ ಮಡಿಸಿದ ಹಾಳೆಯನ್ನಿಟ್ಟು ಅಂಟಿಸಿದ ರಟ್ಟಿನಲ್ಲಿ, ಅದು 500ನ್ನೂ ದಾಟುತ್ತದೆ. ಹತ್ತು ಕಿಲೋ ಹಸಿ ಕಸದಲ್ಲಿ ಎಂಟು ಕಿಲೋ ಬರೀ ನೀರೆಂದು ಹಿಡಿದರೆ, ಉಳಿದ ಎರಡು ಕಿಲೋದಲ್ಲಿ ಇಂಗಾಲ ಸುಮಾರು 900 ಗ್ರಾಂ, ಸಾರಜನಕ ಸುಮಾರು 50 ಗ್ರಾಂ. ಇದಕ್ಕೆ ಒಂದು ಕಿಲೋ ಒಣ ರಟ್ಟು ಕೂಡಿಸಿದರೆ ಇಂಗಾಲ 1,350 ಗ್ರಾಂ ಆಗಿ, ಸಾರಜನಕ ಹೆಚ್ಚುಕಡಿಮೆ ಇದ್ದಷ್ಟೇ ಉಳಿದು, ಪ್ರಮಾಣ 27ರ ಆಸುಪಾಸಿಗೆ ಬರುತ್ತದೆ. ರಟ್ಟಿನ ನಾರು ತರಗೆಲೆಯಷ್ಟು ಬೇಗ ಕರಗದ ಕಾರಣ ಈ ಲೆಕ್ಕ ಡಬ್ಬದೊಳಗೆ ಅಷ್ಟು ಕರಾರುವಾಕ್ಕಾಗಿ ನಡೆಯದು; ಆದರೂ ಹತ್ತಕ್ಕೆ ಒಂದು ಎಂಬ ತೂಕ ದಾರಿತೋರುವಷ್ಟು ಸರಿಯಾಗಿದೆ.

ಇದೇ ತತ್ತ್ವದ ಮೇಲೆ ನಿಂತ ‘ಬೆಂಗಳೂರು ಪದ್ಧತಿ’ಯನ್ನು ಯಶವಂತಪುರದ ಮಗ್ಗುಲಲ್ಲೇ ಇರುವ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸಿ. ಎನ್. ಆಚಾರ್ಯ ಅವರು 1939ರ ಹೊತ್ತಿಗೇ ರೂಪಿಸಿದ್ದರೆಂಬುದು ಈ ಊರಿನವರಲ್ಲಿ ಹೆಚ್ಚಿನವರಿಗೆ ತಿಳಿಯದು. ಊರ ಕಸವನ್ನೂ ಮಲವನ್ನೂ ಗುಂಡಿಯಲ್ಲಿ ಪದರ ಪದರವಾಗಿ ಹರಡಿ, ಮೇಲೆ ಮಣ್ಣು ಮುಚ್ಚಿ, ತಿರುವಿ ಹಾಕದೆ ತಿಂಗಳುಗಟ್ಟಲೆ ಬಿಡುವ ಆ ಕ್ರಮ ಗಾಳಿಯಿಲ್ಲದೆ ಕೊಳೆಯುವಂಥದ್ದಾದ್ದರಿಂದ ಬಾಲ್ಕನಿಗೆ ಒಗ್ಗುವುದಿಲ್ಲ. ಬಾಲ್ಕನಿಯ ಡಬ್ಬಕ್ಕೆ ಗಾಳಿ ಬೇಕು. ಇಲ್ಲದಿದ್ದರೆ ಮೊದಲು ವಾಸನೆ, ಆಮೇಲೆ ಪಕ್ಕದ ಮನೆಯವರ ದೂರು.

ರಟ್ಟು ಗಾಳಿಯನ್ನು ಕೊಡುವುದೂ ಉಂಟು, ತಡೆಯುವುದೂ ಉಂಟು. ಅಗಲವಾದ ತುಂಡನ್ನು ಹಾಗೆಯೇ ಹಾಸಿದರೆ ಅದು ನೆನೆದು ಮುಚ್ಚಳದಂತೆ ಕೂತುಬಿಡುತ್ತದೆ. ಅದರ ಕೆಳಗೆ ನೀರು ನಿಂತು ಕಸ ಹುಳಿಯುತ್ತದೆ. ಪೆಟ್ಟಿಗೆಯ ಮೇಲಿನ ಪ್ಲಾಸ್ಟಿಕ್ ಟೇಪನ್ನೂ ವಿಳಾಸದ ಚೀಟಿಯನ್ನೂ ಕಿತ್ತು, ಸ್ವಲ್ಪ ಹೊತ್ತು ನೀರಿನಲ್ಲಿ ನೆನೆಸಿ, ಪದರಗಳನ್ನು ಬಿಡಿಸಿ, ಬೆರಳಗಲದ ಚೂರುಗಳಾಗಿ ಹರಿದಾಗ ಕೆಲಸ ಹಗುರಾಗುತ್ತದೆ. ಪದರಗಳನ್ನು ಹಿಡಿದಿರುವ ಅಂಟು ಸಾಮಾನ್ಯವಾಗಿ ಪಿಷ್ಟದ್ದು, ಅಂದರೆ ಗಂಜಿಯ ಜಾತಿಯದು. ಎರೆಹುಳುಗಳು ಆ ಮಡಿಕೆಗಳ ಸಂದಿನಲ್ಲೇ ಸೇರಿಕೊಳ್ಳುವುದನ್ನು ಎರೆಗೊಬ್ಬರ ಮಾಡುವವರು ಕಂಡೇ ಇರುತ್ತಾರೆ. ಮುಷ್ಟಿಯಲ್ಲಿ ಹಿಂಡಿದರೆ ಒಂದೆರಡು ಹನಿ ಮಾತ್ರ ಒಸರುವಷ್ಟು ತೇವ ಸಾಕು. ಹೊಳಪು ಲೇಪನದ ಸಿಹಿತಿಂಡಿ ಡಬ್ಬ, ಒಳಗೆ ಪ್ಲಾಸ್ಟಿಕ್ ಪೊರೆಯಿರುವ ಕಾಗದದ ಲೋಟ, ಹಾಲು-ಜ್ಯೂಸಿನ ಟೆಟ್ರಾ ಪ್ಯಾಕು ಇವು ನೋಡಲು ರಟ್ಟಿನಂತಿದ್ದರೂ ಗೊಬ್ಬರಕ್ಕೆ ಸಲ್ಲವು. ತಿಂಗಳುಗಳ ಮೇಲೆ ಜರಡಿ ಹಿಡಿದಾಗ ಆ ಪೊರೆ ಇದ್ದಂತೆಯೇ ಸಿಗುತ್ತದೆ.

ಇಷ್ಟೆಲ್ಲ ಅನುಕೂಲವಿದ್ದರೂ, ಒಣಗಿದ, ಜಿಡ್ಡಿಲ್ಲದ, ಗಟ್ಟಿ ಪೆಟ್ಟಿಗೆಯನ್ನು ಗೊಬ್ಬರ ಮಾಡುವುದು ದುಂದುಗಾರಿಕೆಯೆಂದೇ ಹೇಳಬೇಕಾಗುತ್ತದೆ. ಕಾರ್ಖಾನೆಯಲ್ಲಿ ರಟ್ಟನ್ನು ನೀರಿನಲ್ಲಿ ಕಲಸಿ, ನಾರು ಬಿಡಿಸಿ, ಸೋಸಿ, ಮತ್ತೆ ಹಾಳೆಯಾಗಿ ಹರಡುತ್ತಾರೆ. ಪ್ರತಿ ಸುತ್ತಿನಲ್ಲೂ ನಾರು ಗಿಡ್ಡವಾಗುತ್ತಾ ಹೋದರೂ ಐದಾರು ಸಲ ಹೀಗೆ ಮರುಬಳಕೆಯಾಗಬಲ್ಲದು. ಭಾರತದ ಕಾಗದ ಉದ್ಯಮ ರದ್ದಿಯನ್ನು ಹೊರದೇಶಗಳಿಂದ ತರಿಸಿಕೊಳ್ಳುತ್ತಿರುವಾಗ, ಆರ್.ಟಿ. ನಗರದ ಒಂದು ಒಳ್ಳೆಯ ಪೆಟ್ಟಿಗೆ ಹೂಕುಂಡದ ಮಣ್ಣಾಗಿಬಿಡುವುದಕ್ಕೆ ಸಮರ್ಥನೆ ಸಿಗುವುದು ಕಷ್ಟ. ಅದಕ್ಕಿಂತ ಮುಖ್ಯವಾದದ್ದು ಕಸ ಆಯುವವರ ದುಡಿಮೆ. ವಾರ್ಡಿನ ಒಣ ಕಸ ಸಂಗ್ರಹ ಕೇಂದ್ರಗಳಲ್ಲಿ ಹಲವನ್ನು ‘ಹಸಿರು ದಳ’ದಂಥ ಸಂಘಟನೆಗಳ ನಂಟಿರುವ ಕಸ ಆಯುವವರೇ ನಡೆಸುತ್ತಾರೆ. ಅಲ್ಲಿಗೆ ಬರುವ ಚಿಪ್ಸ್ ಪೊಟ್ಟಣ, ಶಾಂಪೂ ಸ್ಯಾಶೆಗಳಿಗೆ ಬೆಲೆಯೇ ಇಲ್ಲದಿರುವಾಗ, ಅವನ್ನು ವಿಂಗಡಿಸುವ ಕೂಲಿಯನ್ನು ತುಂಬಿಕೊಡುವುದು ರಟ್ಟು, ಗಟ್ಟಿ ಪ್ಲಾಸ್ಟಿಕ್, ಲೋಹಗಳಂಥ ಮಾರಾಟವಾಗುವ ಸರಕು. ಮನೆಯವರು ಬೆಲೆಯುಳ್ಳದ್ದನ್ನು ಉಳಿಸಿಕೊಂಡು ಬೆಲೆಯಿಲ್ಲದ್ದನ್ನಷ್ಟೇ ಕಳಿಸಿದರೆ ಕೇಂದ್ರದ ಲೆಕ್ಕ ಕೂಡುವುದಿಲ್ಲ.

ಹಾಗಾದರೆ ಗೊಬ್ಬರದ ಡಬ್ಬಕ್ಕೆ ಇಂಗಾಲ ಎಲ್ಲಿಂದ? ಫೆಬ್ರವರಿ-ಮಾರ್ಚ್ ಹೊತ್ತಿಗೆ ಈ ಭಾಗದ ಬೀದಿಗಳಲ್ಲಿ ಹೊಂಗೆ ಮೊದಲಾದ ಮರಗಳು ಎಲೆ ಉದುರಿಸುತ್ತವೆ. ಆ ಎಲೆಯನ್ನು ರಸ್ತೆಬದಿಯಲ್ಲಿ ಸುಡುವುದು ಇನ್ನೂ ನಿಂತಿಲ್ಲ; ಸುಡುವ ಬದಲು ಆಗ ಒಂದೆರಡು ಗೋಣಿಚೀಲ ತರಗೆಲೆ ತುಂಬಿಟ್ಟವರಿಗೆ ಬಹಳ ದಿನ ರಟ್ಟಿನ ಹಂಗಿರುವುದಿಲ್ಲ. ತೊಡಕು ಬರುವುದು ಸೆಪ್ಟೆಂಬರ್-ಅಕ್ಟೋಬರಿನಲ್ಲಿ: ಬೆಂಗಳೂರಿನಲ್ಲಿ ಮಳೆ ಜೋರಾಗಿರುವ ಆ ತಿಂಗಳುಗಳಲ್ಲಿ ಕೂಡಿಟ್ಟ ಎಲೆ ತೀರಿರುತ್ತದೆ, ಬೀದಿಯ ಎಲೆ ಒದ್ದೆಯಾಗಿರುತ್ತದೆ, ಗೇಟಿನ ಬಳಿ ಇಟ್ಟ ಪೆಟ್ಟಿಗೆಗಳೂ ನೆನೆದಿರುತ್ತವೆ. ನೆನೆದ ರಟ್ಟಿಗೆ ಬೂಷ್ಟು ಬೇಗ ಹಿಡಿಯುತ್ತದೆ, ಗುಜರಿಯವರು ತೂಕದಲ್ಲಿ ನೀರಿನ ಪಾಲು ಕಳೆಯುತ್ತಾರೆ, ಒಮ್ಮೊಮ್ಮೆ ಬೇಡವೆಂದೇ ಬಿಡುತ್ತಾರೆ. ಇಂಥ ರಟ್ಟಿಗೂ, ಎಣ್ಣೆ ಹೀರಿದ ಪಿಜ್ಜಾ ಡಬ್ಬದ ತಳಕ್ಕೂ, ಮೊಟ್ಟೆಯ ಹರಿದ ಟ್ರೇಗೂ ಗೊಬ್ಬರವೇ ಸರಿಯಾದ ಜಾಗ. ಎಣ್ಣೆ ಕಾರ್ಖಾನೆಯ ನೀರಿನಲ್ಲಿ ನಾರಿನಿಂದ ಸುಲಭವಾಗಿ ಬಿಡದೆ ಉಳಿದ ಸರಕನ್ನೂ ಕೆಡಿಸುತ್ತದೆ, ಡಬ್ಬದಲ್ಲಾದರೋ ಅಷ್ಟು ಜಿಡ್ಡು ತೊಂದರೆ ಕೊಡುವುದಿಲ್ಲ. ಪಿಜ್ಜಾ ಡಬ್ಬದ ಮೇಲ್ಮುಚ್ಚಳ ಶುಚಿಯಾಗಿದ್ದರೆ ಅದನ್ನು ಹರಿದು ಒಣ ಕಸದ ಚೀಲಕ್ಕೆ ಹಾಕಬಹುದು.

ಬಹುತೇಕ ರಟ್ಟು ಕೆಡುವುದು ಮನೆಯೊಳಗಲ್ಲ, ಒಣ ಕಸದ ಗಾಡಿಗಾಗಿ ಕಾಯುವಾಗ. ಆದ್ದರಿಂದ ಅಪಾರ್ಟ್‌ಮೆಂಟ್ ಸಂಘಗಳು ದುಬಾರಿ ಗೊಬ್ಬರ ಯಂತ್ರದ ದರಪಟ್ಟಿ ತರಿಸುವ ಮೊದಲು, ಪೆಟ್ಟಿಗೆಗಳನ್ನು ಬಿಚ್ಚಿ ಚಪ್ಪಟೆ ಮಾಡಿ ಜೋಡಿಸಿಡಲು ಮಳೆ ತಾಗದ ಒಂದು ಮೂಲೆಯನ್ನು, ನೆಲದ ತೇವ ಏರದಂತೆ ಒಂದು ಮರದ ಹಲಗೆಯ ಸಮೇತ, ಈ ಮಳೆಗಾಲಕ್ಕೆ ಮುಂಚೆಯೇ ಗೊತ್ತುಮಾಡಿಕೊಡಬೇಕು.