ಸಭೆಯ ವಿಶ್ವಾಸವನ್ನು ಗಳಿಸುವ ಬಗೆ

ಶಿವಾನುಭವ ಗೋಷ್ಠಿಗಳಲ್ಲಿ ಮಾತನಾಡುವ ಸದ್ಭಕ್ತರು ಅನೇಕರಿರುವರು. ಕೆಲವರ ನುಡಿ ಕೇಳಿದವರ ಮನದಲ್ಲಿ ನೆಲೆಸುವುದು; ಕೆಲವರ ನುಡಿ ಎಷ್ಟು ಇಂಪಾಗಿದ್ದರೂ ಸಭೆ ಮುಗಿಯುವಷ್ಟರಲ್ಲಿ ಮರೆತುಹೋಗುವುದು. ಇದಕ್ಕೆ ಕಾರಣ ಕಂಠದ ಬಲವೇ? ಪಾಂಡಿತ್ಯವೇ? ಇದನ್ನರಿಯಲು ಅಕ್ಕಮಹಾದೇವಿಯು ಕಲ್ಯಾಣಕ್ಕೆ ಬಂದ ಪ್ರಸಂಗವನ್ನು ವಿಚಾರಿಸೋಣ.

12ನೆಯ ಶತಮಾನದ ಶರಣರ ಈ ಪ್ರಸಂಗವನ್ನು, 15ನೆಯ ಶತಮಾನದಲ್ಲಿ ಶಿವಗಣಪ್ರಸಾದಿ ಮಹಾದೇವಯ್ಯನವರು ಸಂಕಲಿಸಿದ ಶೂನ್ಯಸಂಪಾದನೆಯು ಸಂವಾದರೂಪದಲ್ಲಿ ನಿರೂಪಿಸಿದೆ. ಬಂದವಳು ಉಡುತಡಿಯ ತರುಣಿ. ಎದುರಿಗೆ ಬಸವಣ್ಣ, ಚೆನ್ನಬಸವಣ್ಣ ಮೊದಲಾದ ಹಿರಿಯ ಶರಣರು. ಅಲ್ಲಮಪ್ರಭುಗಳು ಆಕೆಯನ್ನು ಹೊಗಳಿ ಬರಮಾಡಿಕೊಳ್ಳಲಿಲ್ಲ. ಪ್ರಶ್ನೆಗಳಿಂದ ತಡೆದು ನಿಲ್ಲಿಸಿದರು. ನಿನ್ನ ಪತಿ ಯಾರೆಂದು ಕೇಳಿದರು. ಉಡುಗೆಯನ್ನು ತೊರೆದವಳು ಕೂದಲಿನಿಂದ ಮೈಯನ್ನೇಕೆ ಮರೆಮಾಡಿಕೊಂಡೆ ಎಂದು ಕೇಳಿದರು. ತುಂಬಿದ ಸಭೆಯಲ್ಲಿ ಇಂತಹ ಪ್ರಶ್ನೆ ಬಂದರೆ ನಮ್ಮಲ್ಲಿ ಎಷ್ಟು ಮಂದಿ ಸಿಡಿಮಿಡಿಗೊಳ್ಳದೆ ಇರಬಲ್ಲೆವು?

ಅಕ್ಕನು ಮುನಿಯಲಿಲ್ಲ, ಮಾತನ್ನು ತಿರುಚಲಿಲ್ಲ. ಕೇಳಿದುದಕ್ಕೆ ನೇರವಾಗಿ ಉತ್ತರಿಸಿದಳು. ಆ ಮರೆ ತನ್ನ ಲಜ್ಜೆಗಾಗಿ ಅಲ್ಲ, ನೋಡುವವರ ಮನಸ್ಸಿಗೆ ನೋವಾಗದಿರಲೆಂದು ಎಂಬುದು ಆಕೆಯ ಉತ್ತರದ ತಾತ್ಪರ್ಯ. ಪ್ರಭುಗಳು ಮತ್ತೆ ಮತ್ತೆ ಒರೆಗೆ ಹಚ್ಚಿದರು. ಕೊನೆಗೆ ಸಭೆಯೆಲ್ಲವೂ ಆಕೆಯ ಹಿರಿಮೆಗೆ ತಲೆವಾಗಿತು.

ಇಲ್ಲಿ ಮಾತನಾಡುವವರು ಕಲಿಯಬೇಕಾದ ಪಾಠ ಮೂರು. ಮೊದಲನೆಯದು, ಪ್ರಶ್ನೆಯನ್ನು ಅವಮಾನವೆಂದು ಬಗೆಯದಿರುವುದು. ಪ್ರಶ್ನಿಸುವವನು ನಮ್ಮ ಮಾತನ್ನು ಮನಸ್ಸಿಟ್ಟು ಕೇಳಿದವನು. ತಿಳಿಯದುದನ್ನು ತಿಳಿಯದೆಂದು ಅವನಿಗೆ ಹೇಳುವುದರಿಂದ ಗೌರವವು ಕುಂದುವುದಿಲ್ಲ. ಎರಡನೆಯದು, ಕೇಳುವವರ ಮನಸ್ಸನ್ನು ನೆನೆಯುವುದು. ಒಕ್ಕಲಿಗರ ಮುಂದೆ ಬಿತ್ತನೆಯ ಉಪಮೆ, ನೇಕಾರರ ಮುಂದೆ ಮಗ್ಗದ ಉಪಮೆ ಬೇಗ ಹತ್ತುವುದು. ಶರಣರು ತಮ್ಮ ಕಾಯಕದಿಂದಲೇ ಉಪಮೆಗಳನ್ನು ಆಯ್ದುಕೊಂಡುದರ ಮರ್ಮವೂ ಇದೇ. ಅಂಬಿಗರ ಚೌಡಯ್ಯನಿಗೆ ಹೊಳೆಯೂ ದೋಣಿಯೂ ತತ್ತ್ವದ ಮಾತಾದವು.

ಮೂರನೆಯದೇ ಮುಖ್ಯವಾದುದು. ಅಕ್ಕನು ವೈರಾಗ್ಯವನ್ನು ಕುರಿತು ಉಪನ್ಯಾಸ ಮಾಡಲು ಬಂದವಳಲ್ಲ. ಅರಸನ ಸಿರಿಯನ್ನು ತೊರೆದು ನಡೆದು ಬಂದವಳು. ಆಕೆಯ ನುಡಿಗೆ ಆಕೆಯ ನಡೆಯೇ ಸಾಕ್ಷಿಯಾಗಿದ್ದಿತು. ನಾವಾದರೋ ವೇದಿಕೆಯ ಮೇಲೆ ವರದಕ್ಷಿಣೆಯನ್ನು ಖಂಡಿಸಿ, ಮಗನ ಮದುವೆಯಲ್ಲಿ ಅದನ್ನೇ ಎಣಿಸಿಕೊಂಡರೆ, ನಮ್ಮ ಮಾತನ್ನು ನಂಬುವವರಾರು? ಊರವರು ಎದುರಿಗೆ ಏನನ್ನೂ ಅನ್ನಲಿಕ್ಕಿಲ್ಲ. ಆದರೆ ಆ ಹುಸಿಯನ್ನು ಕಂಡ ಮಕ್ಕಳು ನಮ್ಮನ್ನಷ್ಟೇ ಅಲ್ಲ, ನಾವು ಹೇಳಿದ ತತ್ತ್ವವನ್ನೂ ಸುಳ್ಳೆಂದು ಬಗೆವರು. ನಷ್ಟವು ಇಲ್ಲಿರುವುದು.

ಆದುದರಿಂದ ಸದ್ಭಕ್ತರೇ, ಮುಂದಿನ ಗೋಷ್ಠಿಯಲ್ಲಿ ಮಾತನಾಡಲು ಏಳುವ ಮುನ್ನ, ಹೇಳಬೇಕೆಂದಿರುವುದರಲ್ಲಿ ಮನೆಯಲ್ಲಿ ನಡೆಸಿದುದೆಷ್ಟು ಎಂದು ಕೇಳಿಕೊಳ್ಳಿರಿ. ನಡೆಸಿದುದು ಒಂದೇ ಆಗಿದ್ದರೆ ಅದೊಂದನ್ನೇ ಹೇಳಿ ಕುಳಿತುಕೊಳ್ಳಿರಿ. ಆ ಅಲ್ಪ ನುಡಿಯನ್ನು ಸಭೆಯು ಮನೆಯವರೆಗೂ ಕೊಂಡೊಯ್ಯುವುದು.